ಬಿಯರಿಗಿರುವ ಮಡಿ ಯೋಗಕ್ಕಿಲ್ಲ

ಜೂನ್ 21 ಹತ್ತಿರ ಬಂತು ಅಂದ್ರೆ ಆ ವಿಡಿಯೋ ಮತ್ತೆ ಫ್ಯಾಮಿಲಿ ಗ್ರೂಪಿಗೆ ಬಂದು ಬೀಳುತ್ತದೆ. ನೀವೂ ನೋಡಿರ್ತೀರಿ. ಬರ್ಲಿನ್ನಿನ ಹುಡುಗ ಹುಡುಗಿಯರು ವೃಕ್ಷಾಸನದಲ್ಲಿ ಒಂಟಿಕಾಲಲ್ಲಿ ನಿಂತಿರುತ್ತಾರೆ. ನೆತ್ತಿಯ ಮೇಲೆ ಬಿಯರ್ ಬಾಟಲಿ. ಬಾಟಲಿ ಅಲ್ಲಾಡುತ್ತದೆ, ಎಲ್ಲರೂ ಕಿಸಕ್ಕನೆ ನಗುತ್ತಾರೆ, ಟೀಚರ್ ಹೇಳಿದ ಕೂಡಲೇ ಒಂದು ಗುಟುಕು. ಆಮೇಲೆ ವೀರಭದ್ರಾಸನ, ಮತ್ತೊಂದು ಗುಟುಕು. ಕೆಳಗೆ ನಮ್ಮ ದೊಡ್ಡಪ್ಪನ ಷರಾ: "ಎಲ್ಲಾ ಹಾಳಾಗೋಯ್ತು."

ಬರ್ಲಿನ್ನಿನಲ್ಲಿ ಈ ಬಿಯರ್ ಯೋಗ ಶುರುವಾಗಿದ್ದು 2015ರಲ್ಲಿ. ನಮ್ಮ ಮೊದಲ ಅಂತಾರಾಷ್ಟ್ರೀಯ ಯೋಗ ದಿನವೂ ಅದೇ ವರ್ಷ. ನಾವು ದೆಹಲಿಯ ರಾಜಪಥದಲ್ಲಿ ಚಾಪೆ ಹಾಸಿ ಗಿನ್ನಿಸ್ ದಾಖಲೆ ಬರೆಸಿದೆವು. ಅವರು ಮುಚ್ಚಳ ತೆಗೆದರು. ಬಿಯರೂ ಯೋಗವೂ ನೂರಾರು ವರ್ಷಗಳಿಂದ ಮೈಮನಸ್ಸಿಗೆ ಮದ್ದು, ಅದಕ್ಕೇ ಎರಡಕ್ಕೂ ಮದುವೆ ಮಾಡಿಸಿದ್ದೇವೆ ಅನ್ನುವುದು ಅವರ ವಾದ. ಹೆಣ್ಣಿನ ಕಡೆಯವರಿಗೆ ಲಗ್ನಪತ್ರಿಕೆ ಬರಲಿಲ್ಲ, ಅಷ್ಟೇ. ಜಾತಕವೇನೋ ಕೂಡಿದೆ. 2016ರಲ್ಲಿ ಆಡಿಸ್ ಅಬಾಬಾದಲ್ಲಿ ಯುನೆಸ್ಕೋ ಸಭೆ ಸೇರಿ ಯೋಗವನ್ನು ಪರಂಪರೆಯ ಪಟ್ಟಿಗೆ ಹಾಕಿತಲ್ಲ, ಅದೇ ಸಭೆಯಲ್ಲಿ ಬಿಯರ್ ಸಂಸ್ಕೃತಿಯೂ ಪಟ್ಟಿ ಸೇರಿತು. ಒಂದೇ ತೊಡಕು: ಅದು ಬೆಲ್ಜಿಯಂ ಬಿಯರು. ಗಂಡು ಪಕ್ಕದ ಮನೆಯವನು.

ಜರ್ಮನಿಯವರಿಗೆ ಇದು ಸಣ್ಣ ವಿಷಯ ಅಲ್ಲ. ಬಿಯರಿನ ಮಡಿ ಏನು ಅಂತ ಅವರನ್ನು ಕೇಳಬೇಕು. 1516ರಲ್ಲಿ ಬವೇರಿಯಾದ ದೊರೆ ಇಂಗೋಲ್‌ಸ್ಟಾಟ್‌ನಲ್ಲಿ ಕಟ್ಟಳೆ ಮಾಡಿದ: ಬಿಯರಿಗೆ ಬಾರ್ಲಿ, ಹಾಪ್ಸ್ ಅನ್ನುವ ಕಹಿ ಹೂವು, ನೀರು. ಬೇರೆ ಏನೂ ಮುಟ್ಟಿಸಬಾರದು. ಗೋಧಿ ಬ್ರೆಡ್ಡಿಗೆ ಇರಲಿ ಅನ್ನುವುದೂ ಒಂದು ಕಾರಣ ಅಂತಾರೆ. ಮುಂದೆ ಅದೇ ರಾಜಮನೆತನ ಗೋಧಿ ಬಿಯರ್ ಮಾಡುವ ಹಕ್ಕನ್ನು ತನ್ನ ಕೈಲೇ ಇಟ್ಟುಕೊಂಡು ಚೆನ್ನಾಗಿ ದುಡ್ಡು ಮಾಡಿತು. ಬೆಂಗಳೂರಿನ ಬ್ರೂವರಿಗಳಲ್ಲಿ ನಮ್ಮ ಹುಡುಗರು ಹೆಫೆವೈಜನ್ ಅಂತ ನಾಲಿಗೆ ತಿರುಗಿಸಿ ಆರ್ಡರ್ ಮಾಡ್ತಾರಲ್ಲ, ಅದು ಇದೇ ಗೋಧಿ ಬಿಯರು. ಮಡಿ ಮಾಡಿದವರೇ ಮೈಲಿಗೆಯ ಗುತ್ತಿಗೆ ಹಿಡಿಯುವುದು ನಮಗೇನು ಹೊಸದಾ?

ಮ್ಯೂನಿಕ್ಕಿನ ಸನ್ಯಾಸಿಗಳು ಇನ್ನೂ ಜಾಣರು. ಈಸ್ಟರಿಗೆ ಮುಂಚೆ ನಲವತ್ತು ದಿನ ಉಪವಾಸ. ಕುಡಿಯುವುದರಿಂದ ಉಪವಾಸ ಮುರಿಯುವುದಿಲ್ಲ ಅನ್ನುವುದು ನಿಯಮ. ಸರಿ, ಅನ್ನದಷ್ಟೇ ಗಟ್ಟಿಯಾದ ಬಿಯರ್ ಕಾಯಿಸಿ ಅದಕ್ಕೆ ದ್ರವ ರೊಟ್ಟಿ ಅಂದರು. ನಗಬೇಡಿ. ಏಕಾದಶಿ ದಿನ ಅನ್ನ ಬಿಟ್ಟು ಎರಡು ತಟ್ಟೆ ಉಪ್ಪಿಟ್ಟು, ಮೇಲೆ ಬಾಳೆಹಣ್ಣು, ಹಾಲು, ಗೋಡಂಬಿ ತಿಂದು "ಇವತ್ತು ಉಪವಾಸ ಕಣಪ್ಪ" ಅಂತ ತೇಗುವವರು ನಾವು. ಅವರಿಗೆ ಹೋಲಿಸಿದರೆ ನಮ್ಮದೇ ಜಾಸ್ತಿ ಭಾರ.

ಇನ್ನೊಂದು ಕೇಳಿ. ಬರ್ಲಿನ್ ಪಕ್ಕದ ಬ್ರಾಂಡೆನ್‌ಬರ್ಗ್ ರಾಜ್ಯದಲ್ಲಿ ನಾಯ್‌ಸೆಲ್ಲೆ ಅಂತ ಒಂದು ಊರು. ಅಲ್ಲಿನ ಬ್ರೂವರಿ ತನ್ನ ಕಪ್ಪು ಬಿಯರಿಗೆ ಒಂದಿಷ್ಟು ಸಕ್ಕರೆ ಪಾಕ ಹಾಕಿತು. ಅಷ್ಟೇ ಮಾಡಿದ್ದು. ಅಧಿಕಾರಿಗಳು ಬಂದು ಇದಕ್ಕೆ ಬಿಯರ್ ಅನ್ನಬೇಡಿ ಅಂದರು. ಜಗಳ ಹತ್ತು ವರ್ಷ ನಡೆಯಿತು. 2005ರಲ್ಲಿ ದೊಡ್ಡ ಕೋರ್ಟು "ಆಯ್ತು, ಅನ್ನಿ" ಅನ್ನುವ ತನಕ ಆ ಜಗಳ ಮುಗಿಯಲಿಲ್ಲ.

ಬಿಯರಿಗೆ ಸಕ್ಕರೆ ಸೇರಿಸಿದರೆ ಹತ್ತು ವರ್ಷ ಕೋರ್ಟು. ಯೋಗಕ್ಕೆ ಬಿಯರ್ ಸೇರಿಸಿದರೆ ಮುಂದಿನ ವಾರದ ಬ್ಯಾಚಿಗೆ ಬುಕಿಂಗ್ ಓಪನ್! ಅಮೆರಿಕದ ಆರೆಗನ್‌ನಲ್ಲಿ ಆಸನ ಹಾಕಿದವರ ಬೆನ್ನ ಮೇಲೆ ಮೇಕೆ ಏರಿತು, ಅದೂ ಯೋಗ. ಇಟಲಿಯಲ್ಲಿ ನಾಯಿಮರಿಗಳನ್ನು ತಂದು ಬಿಟ್ಟರು. 2024ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಮರಿಗಳನ್ನು ತರಬೇಡಿ ಅಂತ ತಡೆಯಿತು. ಪಾಪ, ನಾಯಿಮರಿ ಬಗ್ಗೆ ಕಾಳಜಿ. ಯೋಗದ ಬಗ್ಗೆ ಅಲ್ಲ.

ಇದರಲ್ಲಿ ನಮ್ಮ ಪಾಲೂ ಇದೆ. 1933ರಲ್ಲಿ ನಾಲ್ವಡಿಯವರ ಕಾಲದಲ್ಲಿ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಹುಡುಗರಿಗೆ ಆಸನ ಹೇಳಿಕೊಡುತ್ತಿದ್ದರು. ಈಗ ಬರ್ಲಿನ್ನಿನಲ್ಲಿ "ಮೈಸೂರ್ ಸ್ಟೈಲ್" ಕ್ಲಾಸಿದೆ. ಮೈಸೂರಿನ ಗೋಕುಲಂನಲ್ಲಿ ಬೆಳಗಿನ ಜಾವ ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಓಡುವ ವಿದೇಶಿಯರನ್ನು ನೋಡಿ ಹಾಲಿನವನಿಗೂ ಅಭ್ಯಾಸವಾಗಿದೆ. ಚಾಪೆ ಇದ್ದವರಿಗೆ ಬಾಡಿಗೆ ಬೇರೆ, ಎಳನೀರಿನ ರೇಟು ಬೇರೆ. ಇನ್ನೂರು ಗಂಟೆ ಕೂತೆದ್ದರೆ ಟೀಚರ್ ಸರ್ಟಿಫಿಕೇಟು. ಯೋಗವನ್ನು ಕಿಲೋ ಲೆಕ್ಕದಲ್ಲಿ ಮಾರಿದ ಮೇಲೆ ಕೊಂಡವನು ಯಾವ ಗೊಜ್ಜಿನ ಜೊತೆ ಕಲಸಿ ತಿಂದ ಅಂತ ಕೇಳೋದಕ್ಕಾಗುತ್ತಾ?

ಬೇಜಾರಾಗುವುದು ಇಲ್ಲಿ. ಬಾಟಲಿ ನೋಡಿದ ಕೂಡಲೇ ಸಂಸ್ಕೃತಿ ಕೆಟ್ಟುಹೋಯ್ತು ಅಂತ ಕೂಗುವವರಿಗೆ ಬಿಕ್ರಂ ಚೌಧರಿ ನೆನಪಿದ್ದಾರಾ? ಬಿಸಿ ಕೋಣೆಯಲ್ಲಿ 26 ಆಸನ ಮಾಡಿಸಿ, ಆ ಸಾಲಿಗೇ ಕಾಪಿರೈಟ್ ಬೇಕು ಅಂದವರು. 2015ರಲ್ಲಿ ಅಮೆರಿಕದ ಕೋರ್ಟು ಆಗಲ್ಲ ಅಂತು. ಇವರ ಮೇಲೆ ಲೈಂಗಿಕ ಕಿರುಕುಳದ ಕೇಸು ಹಾಕಿದ್ದು ಅವರ ಸಂಸ್ಥೆಯಲ್ಲೇ ವಕೀಲೆಯಾಗಿದ್ದ ಹೆಣ್ಣುಮಗಳು. 2016ರಲ್ಲಿ ಜ್ಯೂರಿ ಅವಳ ಮಾತನ್ನು ಒಪ್ಪಿ 70 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಡಿ ಅಂತು. ಚೌಧರಿ ಅಮೆರಿಕ ಬಿಟ್ಟರು. ಮರುವರ್ಷ ಬಂಧನದ ವಾರಂಟೂ ಹೊರಟಿತು. ಯೋಗಕ್ಕೆ ಅವಮಾನ ಆಗಿದ್ದು ಯಾವಾಗ ಹಾಗಾದ್ರೆ? ಗುರು ಅನ್ನಿಸಿಕೊಂಡವನು ಶಿಷ್ಯೆಯ ಮೈಮೇಲೆ ಕೈ ಹಾಕಿದ ಅಂತ ಒಬ್ಬಳಲ್ಲ, ಹಲವರು ಹೇಳಿದಾಗ ಒಂದೇ ಒಂದು ಫಾರ್ವರ್ಡ್ ಬರಲಿಲ್ಲ. "ಎಲ್ಲಾ ಹಾಳಾಗೋಯ್ತು" ಅಂತ ಯಾರೂ ಬರೆಯಲಿಲ್ಲ. ಅವತ್ತು ಎಲ್ಲಿದ್ರಿ ಸ್ವಾಮಿ? ನೆಟ್‌ವರ್ಕ್ ಇರಲಿಲ್ವಾ?