ಸರ್ಪಗಂಧವನ್ನು ಆ ಪಟ್ಟಿಯಿಂದ ತೆಗೆಯಿರಿ

ನಿದ್ದೆ ಬಾರದವರಿಗೆಂದು ನೀವು ಕೊಟ್ಟ ಮನೆಮದ್ದಿನ ಪಟ್ಟಿಯಲ್ಲಿ ಅಶ್ವಗಂಧ, ಜಾಯಿಕಾಯಿ, ಸರ್ಪಗಂಧ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ‘ಗಿಡಮೂಲಿಕೆ, ಅಡ್ಡಪರಿಣಾಮ ಇಲ್ಲ’ ಅಂದುಬಿಟ್ಟಿದ್ದೀರಿ. ಸರ್ಪಗಂಧದ ಬೇರಿನಿಂದಲೇ 1952ರಲ್ಲಿ ರೆಸರ್ಪಿನ್ ಎಂಬ ಔಷಧ ಬೇರ್ಪಡಿಸಿದ್ದು. ಒಂದು ಕಾಲಕ್ಕೆ ಬಿ.ಪಿ.ಗೂ ಮಾನಸಿಕ ಕಾಯಿಲೆಗೂ ಅದೇ ಮಾತ್ರೆ. ರಕ್ತದೊತ್ತಡ ಇಳಿಸುತ್ತದೆ, ಮೂಗು ಕಟ್ಟಿಸುತ್ತದೆ, ಕೆಲವರಿಗೆ ಖಿನ್ನತೆ ತರುತ್ತದೆ. ಮೊದಲೇ ಬಿ.ಪಿ. ಮಾತ್ರೆ ನುಂಗುವ ಅಜ್ಜ ಇದನ್ನೂ ಸೇರಿಸಿಕೊಂಡು ನಡುರಾತ್ರಿ ಬಚ್ಚಲಿಗೆ ಎದ್ದರೆ ತಲೆಸುತ್ತಿ ಬೀಳುವುದಿಲ್ಲವೇ?

ಅಶ್ವಗಂಧದ ಕತೆ ಬೇರೆ. ದಿನಕ್ಕೆ 600 ಮಿ.ಗ್ರಾಂ. ಸಾರವನ್ನು ಎಂಟು ವಾರ ಕೊಟ್ಟ ಸಣ್ಣ ಪ್ರಯೋಗಗಳಲ್ಲಿ ನಿದ್ದೆ ಅಷ್ಟಿಷ್ಟು ಸುಧಾರಿಸಿದೆ, ನಿಜ. ಆದರೆ ಅದು ಥೈರಾಯ್ಡ್ ಹಾರ್ಮೋನು ಏರಿಸಬಲ್ಲದು, ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳೂ ಇವೆ. ಡೆನ್ಮಾರ್ಕ್ 2023ರಲ್ಲಿ ನಿಷೇಧಿಸಿಯೇಬಿಟ್ಟಿತು. ನಮ್ಮಮ್ಮ ಥೈರಾಯ್ಡ್ ಮಾತ್ರೆಯ ಜೊತೆಗೇ ತಿಂಗಳುಗಟ್ಟಲೆ ಈ ಪುಡಿಯನ್ನು ಹಾಲಿಗೆ ಕದಡಿ ಕುಡಿದರು. ನಿದ್ದೆ ಬರಲಿಲ್ಲ, ಎದೆ ಢವಢವ ಶುರುವಾಯ್ತು. ಡಾಕ್ಟರ್ ಕೇಳಿದರೆ ‘ಬೇರೆ ಔಷಧಿ ಏನೂ ತಗೊಳ್ತಿಲ್ಲ’ ಅಂದರು! ಅವರ ಲೆಕ್ಕದಲ್ಲಿ ಪುಡಿ ಔಷಧಿಯೇ ಅಲ್ಲ.

ಜಾಯಿಕಾಯಿ ಚಿಟಿಕೆಯಷ್ಟಾದರೆ ಸರಿ; ಚಮಚಗಟ್ಟಲೆ ಹೋದರೆ ವಾಂತಿ, ಭ್ರಮೆ. ಗಸಗಸೆ ಪಾಯಸ ಮಾತ್ರ ನಾನು ಬಿಡಲ್ಲ, ಆಮೇಲಿನ ತೂಕಡಿಕೆ ಗಸಗಸೆಯದೋ ಜೊತೆಗಿಳಿಸಿದ ನಾಲ್ಕು ಹೋಳಿಗೆಯದೋ ದೇವರೇ ಬಲ್ಲ.