ಊರ ಶಾಲೆಯಲ್ಲಿದ್ದರೂ ನೆರವು ನಿಲ್ಲುವುದಿಲ್ಲ

‘ಅಂಗವಿಕಲ ಮಕ್ಕಳು ಇನ್ನು ವಿಶೇಷ ಶಾಲೆಗೇ ಸೇರಬೇಕು, ಊರ ಶಾಲೆಯಲ್ಲಿದ್ದರೆ ಸರ್ಕಾರದ ನೆರವು ನಿಲ್ಲುತ್ತದೆ’ ಎಂಬ ಸಂದೇಶ ಮಧುಗಿರಿ, ಕೊರಟಗೆರೆ ಕಡೆಯ ವಾಟ್ಸ್‌ಆಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಮೊನ್ನೆ ಒಬ್ಬ ತಾಯಿ ಇದನ್ನೇ ನಂಬಿ, ಮಗಳ ವರ್ಗಾವಣೆ ಪತ್ರ ಕೇಳಲು ನಮ್ಮ ಶಾಲೆಗೆ ಬಂದಿದ್ದರು. ಆ ಹೊತ್ತಿಗೆ ಹುಡುಗಿ ಎರಡನೇ ಸಾಲಿನಲ್ಲಿ ಕುಳಿತು, ಜಾರುತ್ತಿದ್ದ ಶ್ರವಣ ಸಾಧನವನ್ನು ಕಿವಿಗೆ ಒತ್ತಿಕೊಳ್ಳುತ್ತ, ಗೆಳತಿಯ ಜೊತೆ ಮಗ್ಗಿ ಬರೆಯುತ್ತಿದ್ದಳು. ಆ ತಾಯಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 31ನೇ ಕಲಂ ಪ್ರಕಾರ, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವಿಕಲತೆ ಇರುವ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ, ತನ್ನ ಆಯ್ಕೆಯಂತೆ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು ಎನ್ನುತ್ತದೆ 16ನೇ ಕಲಂ. ಸನ್ನೆ ಭಾಷೆಯಲ್ಲೇ ಕಲಿಯಲೆಂದು ವಿಶೇಷ ಶಾಲೆಯನ್ನು ಆರಿಸಿಕೊಂಡ ಮನೆಯವರ ನಿರ್ಧಾರವೂ ಅಷ್ಟೇ ಸರಿ. ಆದರೆ ಅದು ಅವರ ಆಯ್ಕೆ, ಸರ್ಕಾರದ ಕಡ್ಡಾಯವಲ್ಲ.

ಇನ್ನು ನೆರವು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಮಕ್ಕಳಿಗಾಗಿ ತಲಾ ವರ್ಷಕ್ಕೆ 3,500 ರೂಪಾಯಿವರೆಗೆ ಅವಕಾಶವಿರುವುದೇ ಸಾಮಾನ್ಯ ಶಾಲೆಯ ಸಮನ್ವಯ ಶಿಕ್ಷಣಕ್ಕೆ, ಅಂದರೆ ಉಳಿದ ಮಕ್ಕಳ ಜೊತೆಯಲ್ಲೇ ಕಲಿಸುವುದಕ್ಕೆ. ಅದು ಕೈಗೆ ಕೊಡುವ ನಗದಲ್ಲ; ಸಾಧನ ಸಲಕರಣೆ, ಬ್ರೈಲ್ ಪುಸ್ತಕಗಳಂಥವಕ್ಕೆ ಬಳಕೆಯಾಗುತ್ತದೆ. ಇವರಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಶಿಷ್ಯವೇತನ ಪ್ರತ್ಯೇಕ.

ದಯವಿಟ್ಟು ಆ ಸಂದೇಶವನ್ನು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ. ಗೊಂದಲವಿದ್ದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಅದಕ್ಕೂ ಮೊದಲು ವರ್ಗಾವಣೆ ಪತ್ರ ಪಡೆಯಬೇಡಿ.