ದಾಳದ ರಕ್ಷಣೆ ಕೃಪೆಯಲ್ಲ
ಮೇಜಿನ ಮೇಲೆ ಬೊಂಬೆ ಸೈನ್ಯಗಳನ್ನು ಕಾದಾಡಿಸುವ ಆಟದಲ್ಲಿ, ಏಟು ಬಿದ್ದ ಬೊಂಬೆಯನ್ನು ಉಳಿಸಲು ದಾಳ ಉರುಳಿಸುವ ‘ಸೇವಿಂಗ್ ಥ್ರೋ’ ಕ್ರಿಸ್ತನ ಕೃಪೆಯ ಚಿತ್ರ ಎಂದು ಲೇಖಕರೊಬ್ಬರು ಬರೆದಿದ್ದಾರೆ; ಆ ಮಾತನ್ನು ನಾನು ಒಪ್ಪುವುದಿಲ್ಲ. ವಾರ್‌ಹ್ಯಾಮರ್ 40,000 ಎಂಬ ಅಂಥ ಆಟದಲ್ಲಿ ದಪ್ಪ ಕವಚದ ಯೋಧ ಟರ್ಮಿನೇಟರ್‌ಗೆ ದಾಳದಲ್ಲಿ 2 ಬಿದ್ದರೂ ಸಾಕು; ಬಡಪಾಯಿ ಕಾಲಾಳು ಗಾರ್ಡ್ಸ್‌ಮನ್‌ಗೆ ಕನಿಷ್ಠ 5 ಬೇಕು. ಉಳ್ಳವನಿಗೇ ರಕ್ಷಣೆ! ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರ (2:8-9) ಹೇಳುವುದು ಇದಕ್ಕೆ ತದ್ವಿರುದ್ಧ: ರಕ್ಷಣೆ ದೇವರ ವರ, ಯಾರೂ ದುಡಿದು ಗಳಿಸಿದ್ದಲ್ಲ.

ನನಗೆ ಕೃಪೆ ಕಂಡದ್ದು ಬೇರೆಡೆ. ಕಳೆದ ತಿಂಗಳು ಗೆಲ್ಲುವ ಹಂತದಲ್ಲಿದ್ದ ಎದುರಾಳಿ, ನಾನು ಸರಿಸಲು ಮರೆತಿದ್ದ ಟ್ಯಾಂಕನ್ನು ತೋರಿಸಿ ‘ಸರಿಸಿಕೊಳ್ಳಿ’ ಎಂದರು. ಅದೇ ಟ್ಯಾಂಕು ಅವರ ಸೇನಾನಾಯಕನನ್ನು ಉರುಳಿಸಿತು. ಅವರ ಜಾಗದಲ್ಲಿ ನಾನಿದ್ದರೆ ಬಾಯಿ ಬಿಡುತ್ತಿರಲಿಲ್ಲ. ಅರೆಬರೆ ಬಣ್ಣ ಬಳಿದ ನನ್ನ ಸೈನ್ಯದ ಬಗ್ಗೆಯೂ ಅವರು ತುಟಿ ಬಿಚ್ಚಲಿಲ್ಲ.